ಎಪ್ಪತ್ತೇಳು ದಾಟಿದ ಸಹಪಾಠಿಗಳ ಗುಂಪು: ಉಳಿಸಿಕೊಳ್ಳಬೇಕೆ, ಮುಚ್ಚಿಬಿಡಬೇಕೆ?

ಕೆಲಗೇರಿ ದಂಡೆ

ಈ ಚರ್ಚಾವೇದಿಕೆಯ ಮಾನ್ಯರೇ, ನಾವು 1968ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರು. ಆಗ ಪಿಯುಸಿ ಒಂದೇ ವರ್ಷ, ಅದರ ಮೇಲೆ ಪದವಿ ಮೂರು ವರ್ಷ. ಹೀಗೆ ನಾಲ್ಕು ವರ್ಷ ಜೊತೆಯಲ್ಲಿ ಕುಳಿತು ಎದ್ದವರು ಆಮೇಲೆ ಬ್ಯಾಂಕು, ಶಾಲೆ, ಕಂದಾಯ ಇಲಾಖೆ ಎಂದು ದಿಕ್ಕಿಗೊಬ್ಬರಾದೆವು. ನಿವೃತ್ತಿಯಾದ ಮೇಲೆ ಗೆಳೆಯನೊಬ್ಬನ ಮಗ ವಾಟ್ಸ್‌ಆ್ಯಪ್‌ನಲ್ಲಿ ಗುಂಪು ಮಾಡಿಕೊಟ್ಟ. ನಲವತ್ತು ವರ್ಷಗಳಿಂದ ಮುಖ ನೋಡದವರು "ಏನಪಾ, ಇನ್ನೂ ಅದೀಯೇನು?" ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡ ಆ ದಿನಗಳ ಸಂಭ್ರಮವನ್ನು ಇಲ್ಲಿನ ಹಿರಿಯರಿಗೆ ನಾನು ವಿವರಿಸಬೇಕಾಗಿಲ್ಲ.

ಈಗಿನ ಸ್ಥಿತಿ ಬೇರೆ. ಬೆಳಿಗ್ಗೆ ಹೂವಿನ ಚಿತ್ರದೊಂದಿಗೆ ಶುಭೋದಯ, ಮಧ್ಯಾಹ್ನ ಮಧುಮೇಹಕ್ಕೆ ಎಲ್ಲಿಂದಲೋ ಬಂದ ಮನೆಮದ್ದು, ಸಂಜೆ ರಾಜಕೀಯ, ನಡುನಡುವೆ ಶ್ರದ್ಧಾಂಜಲಿ. ಚುನಾವಣೆಯ ಹೊತ್ತಿನಲ್ಲಿ ಇಬ್ಬರು ವಾದಕ್ಕಿಳಿದು ಸಿಟ್ಟಿನಿಂದ ಗುಂಪು ಬಿಟ್ಟರು. ಅವರಲ್ಲೊಬ್ಬರು ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಹದಿಮೂರನೆಯ ದಿನದ ಕಾರ್ಯವೂ ಮುಗಿದ ಮೇಲೆ, ಅದೂ ಪರವೂರಿನ ಸಂಬಂಧಿಕರೊಬ್ಬರ ಮೂಲಕ. ಒಂದೇ ಊರಿನಲ್ಲಿದ್ದೂ ಹೀಗಾಯಿತು. ಗುಂಪು ಕಟ್ಟಿಕೊಟ್ಟ ಹುಡುಗನೇ ಈಗ "ಮುಚ್ಚಿಬಿಡ್ರಿ ಕಾಕಾ, ಯಾರೂ ಓದಂಗಿಲ್ಲ" ಎನ್ನುತ್ತಿದ್ದಾನೆ. ಇದನ್ನು ನಡೆಸಿಕೊಂಡು ಹೋಗುವ ದಾರಿ ಯಾರಿಗಾದರೂ ತಿಳಿದಿದೆಯೇ?

ತುಂಟ ಮೇಷ್ಟ್ರು

ಮುಚ್ಚಿಬಿಡಿ. ನಲವತ್ತು ವರ್ಷ ನಿಮ್ಮನ್ನು ನೆನೆಯದೆ ಇದ್ದವರು ಫೋನು ಅಗ್ಗವಾದೊಡನೆ ನೆನೆದರೆ ಅದಕ್ಕೆ ಸ್ನೇಹವೆಂಬ ದೊಡ್ಡ ಹೆಸರು ಕೊಡಬೇಕಾಗಿಲ್ಲ. ಕಾಲೇಜಿನಲ್ಲಿ ನಿಮಗೆ ನಿಜವಾಗಿ ಆಪ್ತರಾಗಿದ್ದವರು ನಾಲ್ಕೈದು ಮಂದಿ ಇದ್ದಿರಬಹುದು. ಆ ನಾಲ್ಕೈದು ಮಂದಿಗೆ ಫೋನು ಮಾಡಿ, ಸಾಕು.

ನಿವೃತ್ತ ಗ್ರಂಥಪಾಲಕಿ

ಮುಚ್ಚುವ ಮಾತು ಆಮೇಲಿರಲಿ. ಕೆಲಗೇರಿಯವರೇ, ನಿಮ್ಮ ಗುಂಪಿನಲ್ಲಿ ಹೆಂಗಸರು ಎಷ್ಟು ಮಂದಿ ಇದ್ದಾರೆ?

ಕೆಲಗೇರಿ ದಂಡೆ

ಒಬ್ಬರೇ ಇದ್ದಾರೆ ತಾಯಿ. ಅವರು ಇಲ್ಲಿಯೇ ಪ್ರಾಧ್ಯಾಪಕಿಯಾಗಿ ನಿವೃತ್ತರಾದವರು. ಉಳಿದವರು ಎಲ್ಲಿದ್ದಾರೆಂಬುದು ನಮಗೆ ತಿಳಿಯಲೇ ಇಲ್ಲ.

ನಿವೃತ್ತ ಗ್ರಂಥಪಾಲಕಿ

ಅದನ್ನೇ ನಿರೀಕ್ಷಿಸಿದ್ದೆ. ನಾನು ಮೈಸೂರಿನ ಕಡೆ ಓದಿದವಳು, ಮದುವೆಯಾಗಿ ಗದಗಕ್ಕೆ ಬಂದವಳು. ನಮ್ಮ ಕಡೆ ಮದುವೆಯಾದ ಮೇಲೆ ಹೆಸರಿನ ಮುಂದಿನ ತಂದೆಯ ಅಕ್ಷರ ಹೋಗಿ ಗಂಡನ ಅಕ್ಷರ ಬರುತ್ತದೆ, ಅಷ್ಟೆ. ನಿಮ್ಮ ಕಡೆಯ ಹಲವು ಮನೆತನಗಳಲ್ಲಿ ಅಡ್ಡಹೆಸರು ಬದಲಾಗುವುದಷ್ಟೇ ಅಲ್ಲ, ಹುಟ್ಟಿದಾಗ ಇಟ್ಟ ಹೆಸರನ್ನೇ ತೆಗೆದು, ಅಕ್ಕಿ ಹರಡಿದ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುತ್ತಿದ್ದರು. ನನಗೂ ಬರೆಸಿದರು. ಹಾಜರಿ ಪುಸ್ತಕದಲ್ಲಿದ್ದ ಹುಡುಗಿ ಪದವಿ ಮುಗಿಸಿದ ಮರುವರ್ಷವೇ ಮತದಾರರ ಪಟ್ಟಿಯಲ್ಲಿ ಬೇರೊಬ್ಬಳಾಗಿ ಕಾಣಿಸಿಕೊಂಡರೆ, ಅವಳನ್ನು ಫೇಸ್‌ಬುಕ್ಕಿನಲ್ಲಿ ಯಾವ ಹೆಸರಿನಿಂದ ಹುಡುಕುತ್ತೀರಿ? ಅವಳಾಗಿಯೇ ನಿಮ್ಮನ್ನು ಹುಡುಕಿಕೊಂಡು ಬರುವುದೂ ಸುಲಭವಲ್ಲ. ಆ ಕಾಲದಲ್ಲಿ ಹುಡುಗರೂ ಹುಡುಗಿಯರೂ ತರಗತಿಯಲ್ಲಿ ಒಂದು ಮಾತನ್ನೂ ಆಡುತ್ತಿರಲಿಲ್ಲ. ಎಪ್ಪತ್ತೈದರ ವಯಸ್ಸಿನಲ್ಲಿ ಅತ್ತೆ "ನನ್ನ ಕಾಲೇಜಿನ ಗಂಡಸರ ಗುಂಪಿಗೆ ಸೇರಿಸಿಕೊಡು" ಎಂದು ಸೊಸೆಯನ್ನು ಕೇಳುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಊಹಿಸಿಕೊಳ್ಳಿ.

ಹುಡುಕುವ ದಾರಿ ಇದೆ. ಕೊನೆಯ ವರ್ಷದ ಗ್ರೂಪ್ ಫೋಟೊ ತೆಗೆದು ನೋಡಿ. ಹುಡುಗಿಯರು ಮುಂದಿನ ಸಾಲಿನಲ್ಲಿ ಅಧ್ಯಾಪಕರ ಪಕ್ಕದಲ್ಲಿ ಕುಳಿತಿರುತ್ತಾರೆ, ಕೆಳಗೆ "ಕುಮಾರಿ" ಎಂದು ತವರಿನ ಹೆಸರು ಅಚ್ಚಾಗಿರುತ್ತದೆ. ಆ ಅಡ್ಡಹೆಸರು ಹಿಡಿದು ತವರಿನ ಓಣಿಗೆ ಹೋಗಿ ಅಣ್ಣನನ್ನೋ ತಮ್ಮನನ್ನೋ ಕೇಳಿ. ತಮ್ಮನ ಮನೆ ಅಪಾರ್ಟ್‌ಮೆಂಟ್ ಆಗಿದ್ದರೂ ಓಣಿಯ ಕಿರಾಣಿ ಅಂಗಡಿಯವನಿಗೆ ಗೊತ್ತಿರುತ್ತದೆ. ನಾವು ಐದಾರು ಜನ ಹೆಂಗಸರು ಒಬ್ಬರನ್ನೊಬ್ಬರು ಕಂಡುಕೊಂಡದ್ದು ಹೀಗೆಯೇ.

ತುಂಟ ಮೇಷ್ಟ್ರು

ಗ್ರಂಥಪಾಲಕಿಯವರ ಮಾತು ಸರಿ, ಆದರೆ ಅದು ಮೂಲ ಪ್ರಶ್ನೆಗೆ ಉತ್ತರವಾಗಲಿಲ್ಲ. ಇರುವವರೇ ಮಾತಾಡದ ಗುಂಪಿಗೆ ಇನ್ನಷ್ಟು ಜನರನ್ನು ತಂದು ತುಂಬಿ ಏನು ಪ್ರಯೋಜನ?

ನಿವೃತ್ತ ಗ್ರಂಥಪಾಲಕಿ

ಮೇಷ್ಟ್ರೇ, ನಿಮ್ಮಲ್ಲಿ ಮಾತು ಬರಿದಾಗಿದ್ದರೆ ಹೊಸಬರಲ್ಲಿ ಇರಬಹುದಲ್ಲ! ಹತ್ತು ವರ್ಷದಿಂದ ಅದೇ ಇಪ್ಪತ್ತು ಗಂಡಸರು ಹಾಸ್ಟೆಲಿನ ಅದೇ ಕಥೆಯನ್ನು ಹೇಳಿಕೊಂಡರೆ ಬೇಸರವಾಗದೆ ಇನ್ನೇನಾಗುತ್ತದೆ?

ಅಂಚೆಯಣ್ಣ, ಶಿರಸಿ

ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿದ್ದವನಾದ್ದರಿಂದ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಂಡದಲ್ಲಿ ಒಂದು ನೋಟ್‌ಬುಕ್ಕು ಊರೂರು ತಿರುಗುತ್ತದೆ. ಅದು ಯಾರ ಮನೆಗೆ ಬಂದಿದೆಯೋ ಅವರು ಹಿಂದಿನವರು ಬರೆದದ್ದನ್ನು ಓದಿ, ತಮ್ಮ ಎರಡು ಪುಟ ಬರೆದು, ಪಟ್ಟಿಯಲ್ಲಿರುವ ಮುಂದಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಬೇಕು. (2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿಬಿಟ್ಟರು. ಆ ದುಃಖ ನನಗೆ ಬೇರೆಯೇ ಇದೆ.) ಅದರಲ್ಲಿ ಯಾರೂ ಹೂವಿನ ಚಿತ್ರ ಅಂಟಿಸಿಲ್ಲ. ಕೈಯಿಂದ ಬರೆಯುವಾಗ ಮನುಷ್ಯ ತನ್ನ ಮಾತನ್ನೇ ಬರೆಯುತ್ತಾನೆ, ಏಕೆಂದರೆ ಬೇರೆಯವರ ಮಾತನ್ನು ನಕಲು ಮಾಡುವುದಕ್ಕೆ ಅಷ್ಟೇ ಶ್ರಮ ಬೇಕು.

ಅದೂ ಬೇಡವೆಂದರೆ ಪೋಸ್ಟ್ ಕಾರ್ಡಿನ ಬೆಲೆ ಇಂದಿಗೂ ಐವತ್ತು ಪೈಸೆ.

ಲೈನ್ ಬಜಾರ್

ಐವತ್ತು ಪೈಸೆಯ ನಾಣ್ಯ ಹುಡುಕುವುದಕ್ಕೆ ಹತ್ತು ರೂಪಾಯಿ ಖರ್ಚಾಗುತ್ತದೆ ಸ್ವಾಮಿ. ಅಲ್ಲದೆ ನನ್ನ ಕೈ ನಡುಗುತ್ತದೆ. ಬರೆದದ್ದನ್ನು ಮಾರನೆಯ ದಿನ ನಾನೇ ಓದಲಾರೆ. ನಮ್ಮ ಗುಂಪಿನಲ್ಲಿ ನಾನು ಧ್ವನಿ ಸಂದೇಶವನ್ನೇ ಕಳಿಸುತ್ತೇನೆ, ಅದು ಎಲ್ಲರಿಗೂ ಇಷ್ಟವಾಗಿದೆ.

ಕಿವಿಯ ವೈದ್ಯ

ಧ್ವನಿ ಸಂದೇಶ ಎಲ್ಲರಿಗೂ ಇಷ್ಟವೆಂದು ಹೇಳುವ ಮುನ್ನ ಸ್ವಲ್ಪ ಯೋಚಿಸಬೇಕು. ನಿಮ್ಮ ಗುಂಪಿನಲ್ಲಿ ಮೌನವಾಗಿರುವವರೆಲ್ಲ ಆಸಕ್ತಿಯಿಲ್ಲದವರಲ್ಲ, ಅವರಲ್ಲಿ ಹಲವರಿಗೆ ಕೇಳಿಸದೆ ಇರಬಹುದು.

ವಯಸ್ಸಾದಂತೆ ಕುಂದುವ ಶ್ರವಣಶಕ್ತಿಯಲ್ಲಿ ಮೊದಲು ಹೋಗುವುದು ಎತ್ತರದ ಕಂಪನಾಂಕದ ಧ್ವನಿಗಳು. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಅಲ್ಲಿಯೇ ಇರುವುದರಿಂದ, ಎದುರಿನವರು ಮಾತಾಡುತ್ತಿದ್ದಾರೆಂದು ಗೊತ್ತಾಗುತ್ತದೆ, ಏನು ಹೇಳುತ್ತಿದ್ದಾರೆಂದು ಗೊತ್ತಾಗುವುದಿಲ್ಲ. "ಕೂಗಬೇಡ, ಸ್ಪಷ್ಟವಾಗಿ ಹೇಳು" ಎಂದು ಅಜ್ಜಂದಿರು ಗದರುವುದು ಈ ಕಾರಣದಿಂದಲೇ. ಹಳೆಯ ಸ್ಥಿರ ದೂರವಾಣಿಯು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು, ಅದಕ್ಕಿಂತ ಮೇಲಿನದು ಅಲ್ಲಿಯೇ ಕತ್ತರಿಸಿಹೋಗುತ್ತಿತ್ತು. ಅಂತರ್ಜಾಲದ ಕರೆಗಳಲ್ಲಿ ಈ ವ್ಯಾಪ್ತಿ ಹೆಚ್ಚು, ವೀಡಿಯೊ ಇದ್ದರೆ ತುಟಿಯ ಚಲನೆಯೂ ನೆರವಾಗುತ್ತದೆ. ಆದ್ದರಿಂದ ಇಬ್ಬರು ಮಾತ್ರ ಇರುವ ವೀಡಿಯೊ ಕರೆ ಒಳ್ಳೆಯದು. ಹತ್ತು ಜನ ಒಟ್ಟಿಗೆ ಮಾತಾಡುವ ಕರೆ ಇವರ ಪಾಲಿಗೆ ಬರೀ ಗದ್ದಲ. ಶ್ರವಣ ಸಾಧನವನ್ನು ನಾಚಿಕೆಯಿಂದ ಕಪಾಟಿನಲ್ಲಿ ಇಟ್ಟವರಿದ್ದರೆ ದಯವಿಟ್ಟು ಹೊರತೆಗೆಯಿರಿ. ಚಿಕಿತ್ಸೆಯಿಲ್ಲದ ಶ್ರವಣದೋಷವನ್ನು ಮರೆವಿನ ಕಾಯಿಲೆಯ ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗವು 2017ರಿಂದಲೂ ಸೇರಿಸುತ್ತ ಬಂದಿದೆ.

ಲೈನ್ ಬಜಾರ್

ಸರಿ ಡಾಕ್ಟರೇ, ಇನ್ನು ಮೇಲೆ ಧ್ವನಿ ಸಂದೇಶದ ಕೆಳಗೆ ಎರಡು ಸಾಲು ಬರಹವನ್ನೂ ಮೊಮ್ಮಗಳಿಂದ ಹಾಕಿಸುತ್ತೇನೆ.

ಡಲ್ಲಾಸಿನ ಮಗಳು

ಇಲ್ಲಿ ಮಾತಾಡುತ್ತಿರುವವರೆಲ್ಲ ಹಿರಿಯರು, ನಾನು ಮಗಳ ಸ್ಥಾನದಲ್ಲಿ ನಿಂತು ಬರೆಯುತ್ತಿದ್ದೇನೆ. ನನ್ನ ತಾಯಿ ಹುಬ್ಬಳ್ಳಿಯಲ್ಲಿದ್ದಾರೆ, ಅವರಿಗೆ ಮರೆವಿನ ಕಾಯಿಲೆ. ಬೆಳಗಿನ ತಿಂಡಿ ತಿಂದದ್ದು ನೆನಪಿರುವುದಿಲ್ಲ. ನಾನು ಫೋನು ಮಾಡಿದರೆ ಕೆಲವೊಮ್ಮೆ ತಮ್ಮ ತಂಗಿಯೆಂದು ತಿಳಿದು ಮಾತಾಡುತ್ತಾರೆ. ಆದರೆ ಅವರ ಕಾಲೇಜಿನ ಗೆಳತಿಯೊಬ್ಬರು ಪ್ರತಿ ಗುರುವಾರ ಮಧ್ಯಾಹ್ನ ಫೋನು ಮಾಡಿ ಹಾಸ್ಟೆಲಿನಲ್ಲಿ ಕರೆಯುತ್ತಿದ್ದ ತಮಾಷೆಯ ಹೆಸರಿನಿಂದ ಕರೆದೊಡನೆ ಅಮ್ಮನ ಧ್ವನಿಯೇ ಬದಲಾಗುತ್ತದೆಂದು ನೋಡಿಕೊಳ್ಳುವಾಕೆ ಹೇಳುತ್ತಾಳೆ. ಹದಿಹರೆಯದಿಂದ ಮೂವತ್ತರೊಳಗಿನ ನೆನಪುಗಳೇ ಮುಪ್ಪಿನಲ್ಲಿ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆಂದು ಮನೋವಿಜ್ಞಾನಿಗಳು ಹೇಳುವುದನ್ನು ಓದಿದ್ದೆ, ಕಣ್ಣಾರೆ ಕಂಡದ್ದು ಈಗ. ಆ ಕಾಲದ ಅಮ್ಮನನ್ನು ಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನನಗಾಗಲಿ ನನ್ನ ಅಣ್ಣನಿಗಾಗಲಿ ಆ ಹುಡುಗಿಯ ಪರಿಚಯವೇ ಇಲ್ಲ.

ಆದ್ದರಿಂದ ಮೇಷ್ಟ್ರು ಮುಚ್ಚಿ ಎಂದರೂ ಮುಚ್ಚಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಾತಾಡಲಾಗದವರ ಮಕ್ಕಳ ಸಂಖ್ಯೆಯನ್ನಾದರೂ ಬರೆದಿಟ್ಟುಕೊಳ್ಳಿ. ನಮ್ಮ ಬಳಿ ನಿಮ್ಮ ಸಂಖ್ಯೆಯೇ ಇಲ್ಲದಿದ್ದರೆ, ಸುದ್ದಿ ಹೇಳಬೇಕಾದ ದಿನ ನಾವು ಯಾರಿಗೆ ಹೇಳಬೇಕು?

ತುಂಟ ಮೇಷ್ಟ್ರು

ಮಗೂ, ನೀವು ನನ್ನ ವಾದವನ್ನೇ ಗಟ್ಟಿ ಮಾಡಿದ್ದೀರಿ. ನಿಮ್ಮ ತಾಯಿಯವರಿಗೆ ನೆರವಾದದ್ದು ಗುರುವಾರ ಫೋನು ಮಾಡುವ ಒಬ್ಬ ಗೆಳತಿ, ನೂರು ಶುಭೋದಯಗಳ ಗುಂಪಲ್ಲ. ನಾನು ಮುಚ್ಚಿ ಎಂದದ್ದು ಗುಂಪನ್ನು, ಫೋನನ್ನಲ್ಲ.

ಓದುಗ, ಕುವೆಂಪುನಗರ

ಇದಕ್ಕೆ ಸಂಬಂಧಿಸಿದ ಒಂದು ಪ್ರಸಿದ್ಧ ಅಧ್ಯಯನವನ್ನು ನೆನಪಿಸುತ್ತೇನೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು 1938ರಿಂದ ತನ್ನದೇ ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಅವರ ಬದುಕನ್ನು ಮುಪ್ಪಿನವರೆಗೂ ಹಿಂಬಾಲಿಸಿತು. ಆ 268 ಮಂದಿಯ ಜೊತೆಗೆ ಬಾಸ್ಟನ್ನಿನ ಬಡ ಬಡಾವಣೆಗಳ 456 ಹುಡುಗರ ಅಧ್ಯಯನವೂ ಆಮೇಲೆ ಸೇರಿಕೊಂಡಿತು. ಮುಪ್ಪಿನಲ್ಲಿ ಯಾರು ಆರೋಗ್ಯವಾಗಿ ಇರುತ್ತಾರೆಂಬುದನ್ನು ಮುಂಚಿತವಾಗಿ ಹೇಳುವುದರಲ್ಲಿ ಹಣ, ಹೆಸರುಗಳಿಗಿಂತ ಆಪ್ತ ಸಂಬಂಧಗಳೇ ಮುಖ್ಯವೆಂಬುದು ಅದರ ತಿರುಳು. ಹಾಗಾಗಿ ಸಂಪರ್ಕ ಉಳಿಸಿಕೊಳ್ಳುವುದು ಬರೀ ಭಾವುಕತೆಯಲ್ಲ.

ನಿವೃತ್ತ ಗ್ರಂಥಪಾಲಕಿ

ಆ 268 ಮಂದಿಯೂ ಗಂಡಸರು, ಆ 456 ಮಂದಿಯೂ ಗಂಡಸರು! ಹೆಂಡತಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡದ್ದು ದಶಕಗಳು ಕಳೆದ ಮೇಲೆ. ಹಾರ್ವರ್ಡ್ ಆದರೇನು, ಧಾರವಾಡವಾದರೇನು, ಮೊದಲು ಕಾಣೆಯಾಗುವವರು ನಾವೇ.

ಓದುಗ, ಕುವೆಂಪುನಗರ

ಒಪ್ಪಿದೆ. ಅಷ್ಟೇ ಅಲ್ಲ, ಒಳ್ಳೆಯ ಸಂಬಂಧದಿಂದ ಆರೋಗ್ಯ ಬರುತ್ತದೆಯೋ, ಆರೋಗ್ಯವಿದ್ದವರಿಗೆ ಸಂಬಂಧ ಉಳಿಸಿಕೊಳ್ಳುವ ಚೈತನ್ಯ ಇರುತ್ತದೆಯೋ ಎಂಬ ಪ್ರಶ್ನೆಯೂ ಇದ್ದೇ ಇದೆ.

ಬ್ಯಾಂಕಿನವ, ಮಂಗಳೂರು

ತತ್ತ್ವದ ನಡುವೆ ಒಂದು ಎಚ್ಚರಿಕೆಯ ಮಾತು. ನಮ್ಮ ತಂಡದ ಗುಂಪಿನಲ್ಲಿ ಒಬ್ಬ ಗೆಳೆಯನ ಸಂಖ್ಯೆಯಿಂದಲೇ, ಅವನ ಫೋಟೊದೊಂದಿಗೇ, "ಆಸ್ಪತ್ರೆಯಲ್ಲಿದ್ದೇನೆ, ಇಪ್ಪತ್ತು ಸಾವಿರ ತುರ್ತಾಗಿ ಕಳಿಸಿ" ಎಂಬ ಸಂದೇಶ ಬಂತು. ಇಬ್ಬರು ಕಳಿಸಿಯೂ ಬಿಟ್ಟರು. ಗೆಳೆಯ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಯಾರೋ ಅವನಿಂದ ಫೋನಿಗೆ ಬಂದ ಆರಂಕಿಯ ಸಂಕೇತವನ್ನು (ಒಟಿಪಿ) ಉಪಾಯವಾಗಿ ಕೇಳಿ ಪಡೆದು ಖಾತೆಯನ್ನೇ ತಮ್ಮ ಕೈಗೆ ತೆಗೆದುಕೊಂಡಿದ್ದರು. ಹಳೆಯ ಸಹಪಾಠಿಗಳ ಗುಂಪೆಂದರೆ ಕಳ್ಳರಿಗೆ ಬಹಳ ಪ್ರೀತಿ: ಎಲ್ಲರ ಬಳಿ ಪಿಂಚಣಿ ಇದೆ, ಎಲ್ಲರಲ್ಲಿ ದಾಕ್ಷಿಣ್ಯವೂ ಇದೆ.

ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಹಾಕಿಕೊಳ್ಳಿ. ಹಣದ ಮಾತು ಯಾರಿಂದ ಬಂದರೂ ಮಾಮೂಲಿ ಕರೆ ಮಾಡಿ, ಅವರ ಧ್ವನಿ ಕೇಳಿ, ಕಾಲೇಜಿನ ಒಂದು ಗುಟ್ಟನ್ನು ಕೇಳಿ, ಆಮೇಲೆ ಕಳಿಸಿ. ಮೋಸವಾಗಿದ್ದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲೈನ್ ಬಜಾರ್

ನನಗೆ ಬೇರೆ ಅನುಭವವಾಗಿದೆ. ತೀರಿಕೊಂಡು ಬಹಳ ಕಾಲವಾದ ಗೆಳೆಯನ ಸಂಖ್ಯೆ ಒಂದು ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಜೀವಂತವಾಯಿತು, ಫೋಟೊದಲ್ಲಿ ಯಾರೋ ಬೈಕಿನ ಮೇಲೆ ಕುಳಿತ ಹುಡುಗ. ನನ್ನ ಎದೆ ಧಸಕ್ಕೆಂದಿತು. ಇದು ಹೇಗೆ ಸಾಧ್ಯ?

ಬ್ಯಾಂಕಿನವ, ಮಂಗಳೂರು

ಅದರಲ್ಲಿ ಮೋಸವಿಲ್ಲ. ಬಳಕೆ ನಿಂತು ರದ್ದಾದ ಮೊಬೈಲ್ ಸಂಖ್ಯೆಯನ್ನು ಕನಿಷ್ಠ 90 ದಿನ ಬಿಟ್ಟು ಕಂಪನಿಯವರು ಹೊಸಬರಿಗೆ ಕೊಡಬಹುದು. ವಾಟ್ಸ್‌ಆ್ಯಪ್ ಕೂಡ 120 ದಿನ ನಿಷ್ಕ್ರಿಯವಾಗಿದ್ದ ಖಾತೆಯನ್ನು ಸಾಮಾನ್ಯವಾಗಿ ಅಳಿಸುತ್ತದೆ. ಆದ್ದರಿಂದ ಯಾರಾದರೂ ತೀರಿಕೊಂಡರೆ, ಮನೆಯವರನ್ನು ಕೇಳಿ, ಕೆಲವು ವಾರಗಳ ನಂತರ ಆ ಸಂಖ್ಯೆಯನ್ನು ಗುಂಪಿನಿಂದ ತೆಗೆದುಬಿಡುವುದೇ ಸರಿ. ಮತ್ತೊಂದು ಮಾತು: ನಿಮ್ಮ ಗುಂಪಿಗೆ ಅಡ್ಮಿನ್ ಒಬ್ಬರೇ ಇದ್ದರೆ ಇಂದೇ ಇನ್ನಿಬ್ಬರನ್ನು ಮಾಡಿ. ಆ ಒಬ್ಬರು ತೀರಿಕೊಂಡರೆ ಸಂಖ್ಯೆಗಳನ್ನು ತೆಗೆಯುವ ಕೆಲಸ ಅಲ್ಲಿಗೇ ನಿಲ್ಲಬಹುದು.

ಅಂಚೆಯಣ್ಣ, ಶಿರಸಿ

ತೆಗೆಯುವುದನ್ನು ನಾನು ಒಪ್ಪಲಾರೆ. ನಮ್ಮ ನೋಟ್‌ಬುಕ್ಕಿನಲ್ಲಿ ಹೋದವರ ಪುಟಗಳು ಹಾಗೆಯೇ ಇವೆ.

ಬ್ಯಾಂಕಿನವ, ಮಂಗಳೂರು

ನೋಟ್‌ಬುಕ್ಕಿನಲ್ಲಿ ಬರೆದ ಪುಟ ಬೈಕಿನ ಹುಡುಗನ ಕೈಗೆ ಹೋಗುವುದಿಲ್ಲ, ಅಣ್ಣ. ಸಂಖ್ಯೆ ಹೋಗುತ್ತದೆ. ನಿಮ್ಮೆಲ್ಲರ ಮನೆಯ ವಿಚಾರಗಳನ್ನು ಅಪರಿಚಿತನೊಬ್ಬ ಓದುವುದು ನಿಮಗೆ ಒಪ್ಪಿಗೆಯೇ?

ಕೆಲಗೇರಿ ದಂಡೆ

ಇಷ್ಟು ಜನ ಬರೆದದ್ದಕ್ಕೆ ಕೃತಜ್ಞ. ಓದುತ್ತ ಓದುತ್ತ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ನಮ್ಮ ಗುಂಪಿನಲ್ಲಿ ಎಲ್ಲರೂ ಇದ್ದಾರೆಂಬ ನೆಮ್ಮದಿಯಲ್ಲಿ ನಾವು ಯಾರಿಗೂ ಫೋನು ಮಾಡುವುದನ್ನೇ ನಿಲ್ಲಿಸಿದ್ದೆವು. ಆ ಗೆಳೆಯರ ಸಾವಿನ ಸುದ್ದಿ ತಲುಪದೆ ಹೋದದ್ದು ಇದರಿಂದಲೇ. ಗುಂಪು ನೋಟಿಸ್ ಬೋರ್ಡಿನ ಕೆಲಸ ಮಾಡಲಿ. ಶುಭೋದಯ ನಿಲ್ಲಲಿ. ಪ್ರತಿಯೊಬ್ಬರೂ ಪಟ್ಟಿಯಲ್ಲಿ ತಮ್ಮ ಮುಂದಿನ ಹೆಸರಿನವರಿಗೆ ವಾರಕ್ಕೊಮ್ಮೆ ಕರೆ ಮಾಡಲಿ, ತಿಂಗಳಿಗೊಮ್ಮೆ ಪಟ್ಟಿ ಒಂದು ಹೆಸರಿನಷ್ಟು ಜರುಗಲಿ. ಗುಂಪು ಬಿಟ್ಟುಹೋದವರ ಹೆಸರೂ ಪಟ್ಟಿಯಲ್ಲಿರಬೇಕೆಂದು ನಾನು ಹಟ ಹಿಡಿಯುವವನಿದ್ದೇನೆ.

ಜೊತೆಗೆ ಒಮ್ಮೆ ಎಲ್ಲರೂ ಧಾರವಾಡದಲ್ಲಿ ಸೇರಬೇಕೆಂಬ ಆಸೆಯಿದೆ. ನಮ್ಮ ಕಾಲೇಜಿನ ಕಟ್ಟಡ, ಒಂದು ಕಾಲದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕೇಂದ್ರ ಕಚೇರಿಯಾಗಿದ್ದದ್ದು, ಇನ್ನೂ ಹಾಗೆಯೇ ನಿಂತಿದೆ. ನಾವು ನಿಂತಿರುವಾಗಲೇ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಎಂದು, ಹೇಗೆ ಎಂಬುದರ ಬಗ್ಗೆ ಸಲಹೆ ಕೊಡಿ.

ಹಳಿಯ ಮೇಲೆ

ಬೆಂಗಳೂರಿನಿಂದ ಬರುವವರಿಗೆ 2023ರ ಜೂನ್‌ನಿಂದ ಧಾರವಾಡದವರೆಗೆ ವಂದೇ ಭಾರತ್ ಇದೆ. ಹಿರಿಯ ನಾಗರಿಕರಿಗೆ ರೈಲಿನಲ್ಲಿ ಸಿಗುತ್ತಿದ್ದ ರಿಯಾಯಿತಿ, ಅಂದರೆ ಗಂಡಸರಿಗೆ ಶೇಕಡಾ 40, ಹೆಂಗಸರಿಗೆ ಶೇಕಡಾ 50, 2020ರ ಮಾರ್ಚ್‌ನಲ್ಲಿ ನಿಂತುಹೋಯಿತೆಂಬುದನ್ನು ನೆನಪಿಟ್ಟು ಖರ್ಚಿನ ಲೆಕ್ಕ ಹಾಕಿ. ಪಿಂಚಣಿಯಿಲ್ಲದ ಗೆಳೆಯರು "ಆರೋಗ್ಯ ಸರಿಯಿಲ್ಲ" ಎಂದು ನೆಪ ಹೇಳಿ ತಪ್ಪಿಸಿಕೊಳ್ಳುವುದು ಹಲವು ಬಾರಿ ಈ ಕಾರಣದಿಂದಲೇ. ಅವರ ಟಿಕೆಟನ್ನು ಯಾರಿಗೂ ತಿಳಿಯದಂತೆ ಒಬ್ಬರು ತೆಗೆಸಿಕೊಡಿ.

ನಿವೃತ್ತ ಗ್ರಂಥಪಾಲಕಿ

ಹೆಂಗಸರಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಟಿಕೆಟ್ಟಿನ ಹಣವಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಸಾಕು. ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ದೂರದವರು ಒಂದೇ ದಿನ ಬರುವ ಬದಲು ದಾರಿಯಲ್ಲಿ ಗೆಳತಿಯ ಮನೆಯಲ್ಲಿ ಒಂದು ರಾತ್ರಿ ತಂಗಿ ಬರಲಿ. ನನ್ನ ಗದಗಿನ ಮನೆಯಲ್ಲಿ ನಾಲ್ಕು ಜನರಿಗೆ ಹಾಸಿಗೆ ಇದೆ, ನಿಮ್ಮ ಕಾಲೇಜಿನವರಾದರೂ ಸರಿ.

ಹಳಿಯ ಮೇಲೆ

ದಿನಾಂಕ ನವೆಂಬರ್‌ನಲ್ಲಿ ಇರಲಿ. ಮಳೆ ಮುಗಿದಿರುತ್ತದೆ, ಬಿಸಿಲು ಇರುವುದಿಲ್ಲ. ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಕೊಡುವ ತಿಂಗಳೂ ಅದೇ. ಫೋನಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಿಸುವ ಸೌಲಭ್ಯ ಇರುವುದರಿಂದ, ಚುರುಕಾದ ಇಬ್ಬರು ಮೊಮ್ಮಕ್ಕಳನ್ನು ಒಂದು ಮೇಜಿನ ಬಳಿ ಕೂರಿಸಿದರೆ ಸೇರಿದವರೆಲ್ಲರ ಕೆಲಸ ಮುಗಿದೀತು.

ಬ್ಯಾಂಕಿನವ, ಮಂಗಳೂರು

ಚಿಕ್ಕ ತಿದ್ದುಪಡಿ: ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಭವಿಷ್ಯ ನಿಧಿಯ ಪಿಂಚಣಿಯವರು ವರ್ಷದ ಯಾವ ದಿನವಾದರೂ ಕೊಡಬಹುದು, ಅದು ಆ ದಿನದಿಂದ ಒಂದು ವರ್ಷ ನಡೆಯುತ್ತದೆ.

ತುಂಟ ಮೇಷ್ಟ್ರು

ನಾವಿನ್ನೂ ಬದುಕಿದ್ದೇವೆಂದು ಸರ್ಕಾರಕ್ಕೆ ಸಾಬೀತುಪಡಿಸುವುದಕ್ಕೆ ಸಹಪಾಠಿಗಳ ಸಮ್ಮೇಳನ! ಇದಕ್ಕಾದರೆ ನಾನೂ ಬರುತ್ತೇನೆ. ನಾನು ಓದಿದ್ದು ಬೇರೆ ಕಾಲೇಜು, ಆದರೂ ಊಟಕ್ಕೆ ಅಡ್ಡಿಯಿಲ್ಲವೆಂದು ಭಾವಿಸುತ್ತೇನೆ.

ಕಿವಿಯ ವೈದ್ಯ

ದೊಡ್ಡ ಸಭಾಂಗಣ ಬೇಡ, ಧ್ವನಿವರ್ಧಕದಲ್ಲಿ ಹಾಡು ಬೇಡವೇ ಬೇಡ. ಆರಾರು ಜನ ಕೂರುವ ದುಂಡು ಮೇಜುಗಳಿರಲಿ. ಸನ್ಮಾನ, ಹಾರ, ಭಾಷಣಗಳನ್ನು ಕೈಬಿಟ್ಟರೆ ಮಾತಿಗೆ ಹೊತ್ತು ಸಿಗುತ್ತದೆ.

ಲೈನ್ ಬಜಾರ್

ಎದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿನ ಚೀಟಿ ಇರಲಿ. ಹೆಂಗಸರ ಚೀಟಿಯಲ್ಲಿ ತವರಿನ ಹೆಸರೂ ಇರಲಿ.

ಕೆಲಗೇರಿ ದಂಡೆ

ಎಲ್ಲವನ್ನೂ ಬರೆದಿಟ್ಟುಕೊಂಡಿದ್ದೇನೆ. ಗ್ರೂಪ್ ಫೋಟೊ ಕಪಾಟಿನಲ್ಲಿ ಸಿಕ್ಕಿದೆ, ಮುಂದಿನ ಸಾಲಿನಲ್ಲಿ ಹನ್ನೊಂದು ಹುಡುಗಿಯರಿದ್ದಾರೆ. ನಾಳೆ ಬೆಳಿಗ್ಗೆ ನಮ್ಮ ಪ್ರಾಧ್ಯಾಪಕಿಯವರನ್ನು ಜೊತೆಗೆ ಕರೆದುಕೊಂಡು ಮಾಳಮಡ್ಡಿಯ ಓಣಿಗಳಿಂದ ಆರಂಭಿಸುತ್ತೇವೆ. ಮೇಷ್ಟ್ರಿಗೆ ಊಟ ಖಂಡಿತ ಇದೆ, ಆದರೆ ಕರೆಯ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸುತ್ತೇನೆ.

ತುಂಟ ಮೇಷ್ಟ್ರು

ಸೇರಿಸಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗಿರುತ್ತೇನೆ, ಆ ಹೊತ್ತಿನಲ್ಲಿ ಮಾತ್ರ ಯಾರೂ ಕರೆ ಮಾಡಬಾರದು.